ಮೆಗಾಥೇರಿಯಂ ನಮ್ಮ ಕರಡಿಯ ತಾತನಾ?

ಹಳೆಯ ಕಾಲದ ಪ್ರಾಣಿಗಳ ಬಗ್ಗೆ ಮಾತು ತೆಗೆದರೆ ಸಾಕು, ಯಾರಾದರೊಬ್ಬರು ಕೇಳುತ್ತಾರೆ: "ಮೆಗಾಥೇರಿಯಂ ಅನ್ನೋ ಅಳಿದುಹೋದ ಪ್ರಾಣಿ ದೈತ್ಯ ಸ್ಲಾತ್ ಅಂತೀರಿ. ನಮ್ಮ ದರೋಜಿ ಕರಡಿಧಾಮದಲ್ಲಿರೋದೂ ಸ್ಲಾತ್ ಬೇರ್ ಅಲ್ವಾ? ಹಾಗಾದ್ರೆ ಇದರ ತಾತ ಅದೇನಾ?"

ಅಲ್ಲ. ದೂರದ ನೆಂಟಸ್ತಿಕೆಯೂ ಇಲ್ಲ. ಸ್ಲಾತ್ ಎಂದರೆ ದಕ್ಷಿಣ ಅಮೆರಿಕದ ಕಡೆ ಮರಕ್ಕೆ ಜೋತುಬಿದ್ದು ಮೆಲ್ಲಗೆ ಓಡಾಡುವ ಪ್ರಾಣಿ. ಆದರೆ ಗೊಂದಲ ಕೇಳಿದವರದ್ದಲ್ಲ, ಜಾರ್ಜ್ ಶಾ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞನದು. 1791ರಲ್ಲಿ ಆತ ನಮ್ಮ ಕರಡಿಯ ಉದ್ದುದ್ದ ಉಗುರು ನೋಡಿದ, ಮೇಲ್ದವಡೆಯ ಮುಂದಿನ ಎರಡು ಹಲ್ಲು ಇಲ್ಲದ್ದನ್ನು ನೋಡಿದ, ಇದು ಸ್ಲಾತ್ ಜಾತಿ ಎಂದುಬಿಟ್ಟ. ಆಮೇಲೆ ತಿದ್ದಿದರು. ಹೆಸರು ಮಾತ್ರ ಅಂಟಿಕೊಂಡಿತು. ಆ ಉಗುರು ಹುತ್ತ ಕೆದಕಲು, ಆ ಸಂದು ಗೆದ್ದಲು ಹೀರಲು. ಕರಡಿ ಕಂಡ ಯಾವ ಕುರಿ ಕಾಯುವವನನ್ನು ಕೇಳಿದ್ದರೂ ಹೇಳುತ್ತಿದ್ದ.

ತಮಾಷೆ ಏನೆಂದರೆ, ಅಸಲಿ ದೈತ್ಯ ಸ್ಲಾತ್ ಆಗ ಯುರೋಪಿಗೆ ಬಂದಾಗಿತ್ತು. 1780ರ ದಶಕದಲ್ಲಿ ಅರ್ಜೆಂಟೀನಾದ ಲುಹಾನ್ ನದಿಯ ದಂಡೆಯಲ್ಲಿ ಸಿಕ್ಕ ಮೂಳೆಗಳು ಹಡಗಿನಲ್ಲಿ ಮ್ಯಾಡ್ರಿಡ್ ಸೇರಿದವು. ಅಲ್ಲಿನ ರಾಜ ಸಂಗ್ರಹಾಲಯದ ಹ್ವಾನ್ ಬಾಟಿಸ್ಟಾ ಬ್ರೂ ಅವನ್ನು ಜೋಡಿಸಿ ನಿಲ್ಲಿಸಿದ. ಇಂಥದ್ದೊಂದು ಜೀವಂತ ಸಿಕ್ಕರೆ ಕಳಿಸಿ, ಚಿಕ್ಕದಾದರೂ ಪರವಾಗಿಲ್ಲ ಎಂದು ಸ್ಪೇನಿನ ರಾಜನ ಆಜ್ಞೆಯೂ ಹೊರಟಿತು! ಪಾಪ, ಅದರ ಸಂತತಿ ಅಳಿದು ಸಾವಿರಾರು ವರ್ಷ ಆಗಿತ್ತು.

1796ರಲ್ಲಿ ಪ್ಯಾರಿಸ್‌ನ ಪ್ರಾಣಿಶಾಸ್ತ್ರಜ್ಞ ಕುವಿಯೆ, ಮ್ಯಾಡ್ರಿಡ್‌ಗೆ ಹೋಗದೆ ಬರೀ ಚಿತ್ರಗಳನ್ನು ನೋಡಿ, ಇದು ಸ್ಲಾತ್‌ಗಳ ಬಳಗ ಎಂದ. ಆನೆಯಂಥ ಪ್ರಾಣಿಯನ್ನು ಮರಕ್ಕೆ ಜೋತುಬೀಳುವ ನಾಲ್ಕೈದು ಕಿಲೋ ಜೀವಿಯ ನೆಂಟ ಎನ್ನಲು ಧೈರ್ಯ ಬೇಕು. ಉಗುರಷ್ಟನ್ನೇ ನಂಬದೆ ತಲೆಬುರುಡೆ, ಹಲ್ಲನ್ನೂ ಹೋಲಿಸಿದ್ದ. ಅದಕ್ಕೇ ಅವನ ಲೆಕ್ಕ ಸರಿಹೋಯಿತು. ಮೆಗಾಥೇರಿಯಂ ಎಂದು ಹೆಸರಿಟ್ಟವನೂ ಅವನೇ.

ಮೂತಿಯಿಂದ ಬಾಲದವರೆಗೆ ಸುಮಾರು 6 ಮೀಟರ್, ತೂಕ 4 ಟನ್ ಆಸುಪಾಸು. ಮರ ಹತ್ತುವ ಮಾತೇ ಇಲ್ಲ. ಹಿಂಗಾಲ ಮೇಲೆ ಎದ್ದು, ದಪ್ಪ ಬಾಲ ಊರಿ ಕೊಂಬೆಗೆ ಕೈ ಚಾಚುತ್ತಿತ್ತು. ಹಿಂಗಾಲಿನ ಪಾದ ಮಗ್ಗುಲಾಗಿ ಊರಿ ನಡೆಯುತ್ತಿತ್ತು. ಅರ್ಜೆಂಟೀನಾದ ಕಾಂಪೋ ಲಬೋರ್ಡೆಯಲ್ಲಿ ಒಂದನ್ನು ಮನುಷ್ಯರು ಕೊಯ್ದ ಗುರುತು ಸಿಕ್ಕಿದೆ, ಸುಮಾರು 12,600 ವರ್ಷ ಹಿಂದಿನದು.

ಇಷ್ಟು ಹೇಳಿದ ಮೇಲೆ ಮುಂದಿನ ಪ್ರಶ್ನೆ ತಪ್ಪದೆ ಬರುತ್ತದೆ: "ಹಾಗಾದ್ರೆ ಮರದ ಮೇಲೆ ಮೆಲ್ಲಗೆ ಓಡಾಡೋ ಕಾಡುಪಾಪ?" ಅದೂ ಸ್ಲಾತ್ ಅಲ್ಲ ಮಾರಾಯ್ರೇ, ಅದು ಕೋತಿಗಳ ಕಡೆಯ ನೆಂಟ.