64 ಕೆಬಿಪಿಎಸ್‌ನಲ್ಲಿ ನನ್ನ ಕೋಡೆಕ್ ನಿಜಕ್ಕೂ ಚೆನ್ನಾಗಿದೆಯಾ?

ಸ್ವಂತ ಲಾಸಿ ಆಡಿಯೋ ಕೋಡೆಕ್ (ಕಿವಿಗೆ ಅಷ್ಟಾಗಿ ಗೊತ್ತಾಗದ ವಿವರ ಬಿಟ್ಟು ಸದ್ದಿನ ಫೈಲನ್ನು ಕುಗ್ಗಿಸುವ ಪ್ರೋಗ್ರಾಮ್) ಬರೆಯಲು ಕೈ ಹಾಕಿದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘64 ಕೆಬಿಪಿಎಸ್‌ನಲ್ಲಿ ಚೆನ್ನಾಗಿಯೇ ಕೇಳಿಸುತ್ತಿದೆ, ಎಸ್‌ಎನ್‌ಆರ್ (ಮೂಲ ಸದ್ದಿಗೂ ಕೋಡೆಕ್ ಸೇರಿಸಿದ ದೋಷಕ್ಕೂ ಇರುವ ಅನುಪಾತ) ಕೂಡ ಏರಿದೆ. ಅಂದರೆ ಕೋಡೆಕ್ ಸುಧಾರಿಸಿದೆ ಅಂತ ತಾನೆ?’ ಎಸ್‌ಎನ್‌ಆರ್ ನೋಡಿ ಅದನ್ನು ಹೇಳಲು ಬರುವುದಿಲ್ಲ. ಎಷ್ಟೋ ಸಲ ಎಸ್‌ಎನ್‌ಆರ್ ಇಳಿಸುವ ಬದಲಾವಣೆಯೇ ಕಿವಿಗೆ ಹಿತವಾಗಿರುತ್ತದೆ. ಏಕೆ ಅನ್ನುವುದು ಕೆಲಸದ ಹಾದಿಯಲ್ಲೇ ಗೊತ್ತಾಗುತ್ತದೆ.

ಮೊದಲು ಕ್ವಾಂಟೈಸರ್ (ಅಂಕಿಗಳನ್ನು ಒರಟಾಗಿ ರೌಂಡ್ ಮಾಡಿ ಬಿಟ್ ಉಳಿಸುವ ಭಾಗ) ಇಲ್ಲದೆ ಎಂಡಿಸಿಟಿ (ಸದ್ದನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಒಂದನ್ನೇ ಓಡಿಸಿ, ತಿರುಗಿ ಸದ್ದಾಗಿಸಿ. 2048 ಸ್ಯಾಂಪಲ್‌ಗಳ (ಸದ್ದಿನ ಒಂದೊಂದು ಅಳತೆಯ) ವಿಂಡೋ, ಅಂದರೆ ಒಂದು ಸಲಕ್ಕೆ ಎತ್ತಿಕೊಂಡು ಅಂಚುಗಳಲ್ಲಿ ತಗ್ಗಿಸುವ ತುಂಡು; ಅರ್ಧಕ್ಕರ್ಧ ಓವರ್‌ಲ್ಯಾಪ್; ಫ್ರೇಮಿಗೆ, ಅಂದರೆ ವಿಂಡೋದ ಒಂದೊಂದು ಹೆಜ್ಜೆಗೆ, 1024 ಕೋಎಫಿಶಿಯೆಂಟ್ (ಒಂದೊಂದು ಆವರ್ತನದ ಪಾಲು ಹೇಳುವ ಅಂಕಿ). ಡಬಲ್ ಪ್ರಿಸಿಶನ್‌ನಲ್ಲಿ ಲೆಕ್ಕ ಮಾಡಿ, ಕೊನೆಗೆ 16 ಬಿಟ್‌ಗೆ ರೌಂಡ್ ಮಾಡಿದರೆ ಒಂದೇ ಒಂದು ಸ್ಯಾಂಪಲ್ ಕೂಡ ಮೂಲಕ್ಕಿಂತ ಬೇರೆ ಇರಬಾರದು. ಬೇರೆ ಬಂದರೆ ಮೊದಲು ವಿಂಡೋ ನೋಡಿ: ಪಕ್ಕಪಕ್ಕದ ಎರಡು ವಿಂಡೋಗಳು ಸೇರುವ ಕಡೆ ಅವುಗಳ ವರ್ಗಗಳ ಮೊತ್ತ ಪ್ರತಿ ಬಿಂದುವಿನಲ್ಲೂ 1 ಆಗಲೇಬೇಕು. ಸೈನ್ ವಿಂಡೋ ಇದಕ್ಕೆ ಸರಿಹೋಗುತ್ತದೆ. ಹ್ಯಾನ್ ವಿಂಡೋವನ್ನು ಎರಡೂ ಕಡೆ ಹಾಗೇ ಹಾಕಿದರೆ ಸರಿಹೋಗುವುದಿಲ್ಲ. ಫೈಲಿನ ಮೊದಲ 1024 ಸ್ಯಾಂಪಲ್ ಮಾತ್ರ ಕೆಟ್ಟಿದ್ದರೆ, ಶುರುವಿನಲ್ಲಿ ಅಷ್ಟು ಸೊನ್ನೆ ಸೇರಿಸುವುದು ಬಿಟ್ಟುಹೋಗಿದೆ ಎಂದೇ ಅರ್ಥ.

ಇನ್ನು ಬಿಟ್‌ಗಳ ಲೆಕ್ಕ. 44.1 ಕಿಲೋಹರ್ಟ್ಸ್‌ನಲ್ಲಿ ಸೆಕೆಂಡಿಗೆ ಸುಮಾರು 43 ಫ್ರೇಮ್. 64 ಕೆಬಿಪಿಎಸ್ ಅಂದರೆ ಸೆಕೆಂಡಿಗೆ 64,000 ಬಿಟ್; ಅದನ್ನು ಹಂಚಿದರೆ ಫ್ರೇಮಿಗೆ ಸಿಗುವುದು 1486. ಎರಡು ಚಾನೆಲ್ ಸೇರಿ ಕೋಎಫಿಶಿಯೆಂಟ್‌ಗಳು 2048. ಅಂದರೆ ಒಂದೊಂದಕ್ಕೆ ಮುಕ್ಕಾಲು ಬಿಟ್ಟೂ ಇಲ್ಲ. ಸಿಡಿಯಲ್ಲಿ ಒಂದೊಂದು ಸ್ಯಾಂಪಲ್‌ಗೆ 16 ಬಿಟ್ ಇತ್ತು ಅನ್ನುವುದನ್ನು ನೆನೆದರೆ ಈ ಬಡತನ ಅರ್ಥವಾಗುತ್ತದೆ. ಹಾಗಾಗಿ ಬಹುಪಾಲು ಕೋಎಫಿಶಿಯೆಂಟ್‌ಗಳು ಸೊನ್ನೆಯಾಗುತ್ತವೆ; ಯಾವುದು ಸೊನ್ನೆಯಾಗಬೇಕು ಎಂದು ಆರಿಸುವುದರಲ್ಲೇ ಕೋಡೆಕ್‌ನ ಜಾಣತನವೆಲ್ಲ ಇದೆ.

ಎಸ್‌ಎನ್‌ಆರ್ ಮೋಸ ಮಾಡುವುದು ಇಲ್ಲೇ. 8 ಕಿಲೋಹರ್ಟ್ಸ್‌ನ ಆಸುಪಾಸಿನ ಬ್ಯಾಂಡೊಂದರಲ್ಲಿ (ಅಕ್ಕಪಕ್ಕದ ಆವರ್ತನಗಳ ಗುಂಪಿನಲ್ಲಿ) ಈ ಫ್ರೇಮಿನಲ್ಲಿ ಎರಡು ಕೋಎಫಿಶಿಯೆಂಟ್ ಉಳಿಯುತ್ತವೆ, ಮುಂದಿನದರಲ್ಲಿ ಒಂದೂ ಉಳಿಯುವುದಿಲ್ಲ, ಅದರ ಮುಂದಿನದರಲ್ಲಿ ಬೇರೆ ಮೂರು. ಸೆಕೆಂಡಿಗೆ 43 ಸಲ ಹೀಗೆ ಹತ್ತಿ ಆರಿದರೆ ನೀರು ಗುಳುಗುಟ್ಟಿದಂತೆ, ಹಕ್ಕಿಗಳು ಚಿಲಿಪಿಲಿಗುಟ್ಟಿದಂತೆ ಕೇಳುತ್ತದೆ. ಇದಕ್ಕೆ ಮದ್ದು, ಖಾಲಿಯಾದ ಬ್ಯಾಂಡಿನ ಶಕ್ತಿಯನ್ನಷ್ಟೇ ಕಳುಹಿಸಿ, ಡಿಕೋಡರ್‌ನಲ್ಲಿ ಅದೇ ಶಕ್ತಿಯ ರ‍್ಯಾಂಡಮ್ ನಾಯ್ಸ್ ತುಂಬುವುದು. ಆ ನಾಯ್ಸ್‌ಗೂ ಮೂಲ ಸದ್ದಿಗೂ ಹೊಂದಾಣಿಕೆಯೇ ಇಲ್ಲದ್ದರಿಂದ ಎಸ್‌ಎನ್‌ಆರ್ ಬೀಳುತ್ತದೆ. ಕಿವಿಗೆ ಮಾತ್ರ ಗುಳುಗುಳು ನಿಂತು, ತಾಳದ ಝಣತ್ಕಾರ ಝಣತ್ಕಾರವಾಗಿಯೇ ಕೇಳುತ್ತದೆ. ಹಾಗಂತ ಎಲ್ಲ ಬ್ಯಾಂಡಿಗೂ ತುಂಬಬೇಡಿ: ಕೊಳಲಿನ ಸ್ವರವಿರುವ ಬ್ಯಾಂಡಿನಲ್ಲಿ ನಾಯ್ಸ್ ಹಾಕಿದರೆ ಗಾಳಿ ಸೇರಿದಂತಾಗುತ್ತದೆ.

ಎರಡನೆಯ ದೊಡ್ಡ ರೋಗ ಪ್ರೀ-ಎಕೋ. ಇದನ್ನು ಹಿಡಿಯಲು ಯಕ್ಷಗಾನದ ಚೆಂಡೆಗಿಂತ ಒಳ್ಳೆಯ ಪರೀಕ್ಷಾ ತುಣುಕು ಬೇಡ. 2048 ಸ್ಯಾಂಪಲ್ ಅಂದರೆ 46 ಮಿಲಿಸೆಕೆಂಡ್. ಪೆಟ್ಟು ವಿಂಡೋದ ಕೊನೆಯಲ್ಲಿ ಬಿದ್ದರೂ ಕ್ವಾಂಟೈಸೇಶನ್‌ನ ಗಲಾಟೆ ವಿಂಡೋ ಪೂರ್ತಿ ಹರಡುತ್ತದೆ. ಪೆಟ್ಟಿಗೂ ಮುಂಚೆ ‘ಶ್’ ಎಂಬ ಸದ್ದು ಬರುತ್ತದೆ. ಜೋರು ಸದ್ದು ತನ್ನ ನಂತರದ ಗಲಾಟೆಯನ್ನು ನೂರು ಮಿಲಿಸೆಕೆಂಡಿನ ಆಸುಪಾಸಿನವರೆಗೂ ಮುಚ್ಚೀತು, ತನಗಿಂತ ಮುಂಚಿನದನ್ನು ಮುಚ್ಚುವುದು ಕೆಲವೇ ಮಿಲಿಸೆಕೆಂಡ್. ಆದ್ದರಿಂದ ಪೆಟ್ಟು ಬರುವ ಫ್ರೇಮನ್ನು 256 ಸ್ಯಾಂಪಲ್‌ಗಳ ಎಂಟು ಚಿಕ್ಕ ವಿಂಡೋಗಳಿಗೆ ಒಡೆಯಬೇಕು. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯಲು ಹಿಂದಿನ ಫ್ರೇಮಿನಲ್ಲೇ ಬೇರೆ ಆಕಾರದ ವಿಂಡೋ ಬೇಕು, ಅಂದರೆ ಎನ್‌ಕೋಡರ್ ಒಂದು ಫ್ರೇಮ್ ಮುಂದೆ ನೋಡಿಯೇ ತೀರ್ಮಾನಿಸಬೇಕು. ಇದರ ಪರೀಕ್ಷೆ ಸುಲಭ: ಕ್ವಾಂಟೈಸರ್ ಆಫ್ ಮಾಡಿ, ಚಿಕ್ಕದು ದೊಡ್ಡದನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಿ. ಆಗಲೂ ಸ್ಯಾಂಪಲ್‌ಗಳು ಮೂಲದಂತೆಯೇ ಬರಬೇಕು. ಕ್ಲಿಕ್ ಸದ್ದು ಬಂದರೆ ವಿಂಡೋಗಳ ಜೋಡಣೆ ತಪ್ಪಿದೆ.

ಪೆಟ್ಟು ಗುರುತಿಸುವ ಕೋಡ್ ಅತಿ ಚುರುಕಾದರೆ ತಂಬೂರಿ ಹಾಳಾಗುತ್ತದೆ. ಮೀಟು ಮೀಟಿಗೂ ಚಿಕ್ಕ ವಿಂಡೋ ಬಂದರೆ ಕೋಎಫಿಶಿಯೆಂಟ್‌ಗಳ ನಡುವಿನ ಅಂತರ 21.5 ಹರ್ಟ್ಸ್‌ನಿಂದ 172 ಹರ್ಟ್ಸ್‌ಗೆ ಏರಿ, ಒತ್ತೊತ್ತಾಗಿರುವ ಹಾರ್ಮೋನಿಕ್‌ಗಳು ಬೇರೆಯಾಗಿ ಕಾಣುವುದೇ ಇಲ್ಲ, ನಾದ ಒರಟಾಗುತ್ತದೆ. ಅದಕ್ಕೇ ಚೆಂಡೆ, ತಂಬೂರಿ ಎರಡೂ ಪರೀಕ್ಷಾ ತುಣುಕುಗಳ ಪಟ್ಟಿಯಲ್ಲಿರಲಿ. ಜೊತೆಗೆ ಘಟ, ಮೋರ್ಚಿಂಗ್, ‘ಸ’ ‘ಶ’ ಹೆಚ್ಚಿರುವ ಮಾತು, ಯುರೋಪಿನ ಪ್ರಸಾರ ಒಕ್ಕೂಟ ಇದಕ್ಕೆಂದೇ ತಂದ ಎಸ್‌ಕ್ಯೂಎಎಂ ಡಿಸ್ಕಿನ ಕ್ಯಾಸ್ಟನೆಟ್ ಮತ್ತು ಗ್ಲಾಕನ್‌ಸ್ಪೀಲ್. ಎಂಪಿ3ಯಿಂದ ಬಿಚ್ಚಿದ ವೇವ್ ಫೈಲನ್ನು ಮೂಲವೆಂದು ಎಂದೂ ಬಳಸಬೇಡಿ.

ಕೇಳುವ ಪರೀಕ್ಷೆ ಕುರುಡು ಪರೀಕ್ಷೆಯೇ (ಯಾವುದು ಯಾವುದೆಂದು ಕೇಳುಗರಿಗೆ ಹೇಳದ ಪರೀಕ್ಷೆ) ಆಗಿರಬೇಕು. ಮಾಡಿದವರ ಕಿವಿ ತಮ್ಮ ಕೋಡೆಕ್‌ಗೆ ಒಗ್ಗಿಹೋಗಿರುತ್ತದೆ, ಹಾಗಾಗಿ ಬೇರೆಯವರನ್ನೂ ಕೂರಿಸಿ. ಎಬಿಎಕ್ಸ್‌ನಲ್ಲಿ (ಎಕ್ಸ್ ಎಂಬುದು ಎ ಅಥವಾ ಬಿ, ಯಾವುದೆಂದು ಗುರುತಿಸುವ ಪರೀಕ್ಷೆಯಲ್ಲಿ) 16 ಸುತ್ತು ಅಂತ ಮೊದಲೇ ನಿಗದಿ ಮಾಡಿ. ಅಂಕ ಚೆನ್ನಾಗಿ ಬಂದ ಕಡೆ ನಿಲ್ಲಿಸಿದರೆ ಅದು ಪರೀಕ್ಷೆಯಲ್ಲ. 16ರಲ್ಲಿ 12 ಸರಿ ಬಂದರೆ, ಬರೀ ಊಹೆಯಿಂದ ಅಷ್ಟು ಬರುವ ಸಾಧ್ಯತೆ ಶೇ. 4ಕ್ಕಿಂತ ಕಡಿಮೆ. ಹಲವು ಕೋಡೆಕ್‌ಗಳನ್ನು ಒಟ್ಟಿಗೆ ತೂಗಲು ಮುಶ್ರಾ ವಿಧಾನ (ಎಲ್ಲ ಪ್ರತಿಗಳನ್ನೂ ಕೇಳಿ 0ಯಿಂದ 100ರವರೆಗೆ ಅಂಕ ಕೊಡುವುದು) ಸರಿ: ಮೂಲವನ್ನೂ, 3.5 ಕಿಲೋಹರ್ಟ್ಸ್‌ಗೆ ಕತ್ತರಿಸಿದ ಕೆಟ್ಟ ಪ್ರತಿಯನ್ನೂ ಹೆಸರು ಹೇಳದೆ ಸೇರಿಸಿ. ಶೇ. 15ಕ್ಕಿಂತ ಹೆಚ್ಚು ತುಣುಕುಗಳಲ್ಲಿ ಮೂಲಕ್ಕೇ 90ಕ್ಕಿಂತ ಕಡಿಮೆ ಅಂಕ ಕೊಟ್ಟವರ ಫಲಿತಾಂಶವನ್ನು ಕೈಬಿಡಿ.

ಪರೀಕ್ಷೆ ಕೆಡುವುದು ಬಹುತೇಕ ಚಿಕ್ಕ ಕಾರಣಗಳಿಗೆ. ಎಂಪಿ3 ಡಿಕೋಡರ್ ಒಂದೇ 529 ಸ್ಯಾಂಪಲ್ ತಡ ಮಾಡುತ್ತದೆ, ಎನ್‌ಕೋಡರ್‌ನ ತಡ ಬೇರೆ; ಎರಡರ ಸಮಯ ಜೋಡಿಸದಿದ್ದರೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದ ಕ್ಷಣದಲ್ಲೇ ಗುಟ್ಟು ಬಯಲು. ಓಪಸ್ ಎಂಬ ಕೋಡೆಕ್ ಕೆಲಸ ಮಾಡುವುದು 48 ಕಿಲೋಹರ್ಟ್ಸ್‌ನಲ್ಲಿ, ಆದ್ದರಿಂದ ಅದರೊಂದಿಗೆ ಹೋಲಿಸುವಾಗ ಎಲ್ಲ ತುಣುಕುಗಳನ್ನೂ ಮೊದಲೇ 48ಕ್ಕೆ ತನ್ನಿ. ಸದ್ದಿನ ಮಟ್ಟ 0.1 ಡೆಸಿಬಲ್ ಒಳಗೆ ಹೊಂದಲಿ. ಡಿಕೋಡ್ ಮಾಡಿದಾಗ ಶಿಖರಗಳು ಮೂಲಕ್ಕಿಂತ ಮೇಲೇರಿ ಕ್ಲಿಪ್ ಆಗಬಹುದು. ಎಲ್ಲ ತುಣುಕುಗಳನ್ನೂ ಮೊದಲೇ ಕೆಲವು ಡೆಸಿಬಲ್ ಇಳಿಸಿಕೊಳ್ಳಿ.

ಬಿಟ್‌ರೇಟನ್ನು ಎಂಟ್ರೊಪಿಯ (ಲೆಕ್ಕದ ಪ್ರಕಾರ ಬೇಕಾಗುವ ಕನಿಷ್ಠ ಬಿಟ್‌ಗಳ) ಅಂದಾಜಿನಿಂದ ಹೇಳದೆ, ಡಿಸ್ಕ್ ಮೇಲೆ ಬರೆದ ಫೈಲಿನ ಗಾತ್ರದಿಂದಲೇ ಹೇಳಿ. ಸ್ಟೆಪ್ ಸೈಜ್ (ಕ್ವಾಂಟೈಸರ್ ರೌಂಡ್ ಮಾಡುವ ಅಳತೆ), ವಿಂಡೋ ಗುರುತು ಎಲ್ಲಕ್ಕೂ ಬಿಟ್ ಖರ್ಚಾಗುತ್ತದೆ, ಹೊಸಬರ ಲೆಕ್ಕದಲ್ಲಿ ಬಿಟ್ಟುಹೋಗುವುದು ಅದೇ. ಎಂಟ್ರೊಪಿ ಕೋಡರ್‌ನ (ಅಂಕಿಗಳನ್ನು ಕಡಿಮೆ ಬಿಟ್‌ಗಳಲ್ಲಿ ಬರೆಯುವ ಭಾಗದ) ಒಳಗೆ ಫ್ಲೋಟ್ (ದಶಮಾಂಶ ಸಂಖ್ಯೆ) ಬೇಡ, ಪೂರ್ಣಾಂಕ ಮಾತ್ರ ಸಾಕು. ಎರಡು ಮೆಷಿನ್‌ಗಳ ರೌಂಡಿಂಗ್ ಒಂದು ಕಡೆ ಬೇರೆಯಾದರೂ ಅಲ್ಲಿಂದ ಮುಂದೆ ಓದುವುದೆಲ್ಲ ಕಸ. ಪೂರ್ತಿ ಮೌನದ ಫೈಲನ್ನೂ ಓಡಿಸಿ ನೋಡಿ, ಸೊನ್ನೆಯ ಲಾಗರಿದಂ ತೆಗೆಯುವ ಕೋಡಿನ ಸಾಲು ಎಲ್ಲಿದೆ ಅಂತ ಆಗಲೇ ಗೊತ್ತಾಗುತ್ತದೆ.