ಕಿಣ್ವವಿಲ್ಲದ ಕೊಳವೆ

ಪರದೆಯ ಮೇಲೆ ಅಂಕಿ ನಿಮಿಷ ನಿಮಿಷಕ್ಕೂ ಏರುತ್ತಿತ್ತು, ನನ್ನ ಸಂತೋಷವೂ. ಕ್ಲೋರಾಂಬ್ಯುಸಿಲ್ ಔಷಧಿಯನ್ನು ತಿಂಗಳುಗಟ್ಟಲೆ ಇಷ್ಟಿಷ್ಟೇ ಉಣಿಸಿ ಮೊಂಡು ಮಾಡಿದ ಕ್ಯಾನ್ಸರ್ ಕೋಶಗಳ ಸಾರ ಆ ಕೊಳವೆಯಲ್ಲಿತ್ತು. ಮೊದಲು ಸಾಯುತ್ತಿದ್ದ ಪ್ರಮಾಣದಲ್ಲಿಯೇ ಅವು ಈಗ ಹಾಯಾಗಿ ಬೆಳೆಯುತ್ತವೆ. ಗ್ಲುಟಾಥಯೋನ್ ಟ್ರಾನ್ಸ್‌ಫರೇಸ್ ಕಿಣ್ವದ ಮೇಲೆ ನನ್ನ ಅನುಮಾನ.

ಈ ಕಿಣ್ವ ಗ್ಲುಟಾಥಯೋನ್ ಎಂಬ ಪುಟ್ಟ ಅಣುವನ್ನು ಔಷಧಿಗೆ ಅಂಟಿಸಿಬಿಡುತ್ತದೆ. ಆಮೇಲೆ ಆ ಔಷಧಿ ಡಿಎನ್‌ಎಯನ್ನು ಕಚ್ಚಲಾರದು. ಎಂಆರ್‌ಪಿ1 ಎಂಬ ಪಂಪು ಅದನ್ನು ಕೋಶದಿಂದ ಆಚೆ ದಬ್ಬುತ್ತದೆ. ಪರೀಕ್ಷೆಯಲ್ಲಿ ಔಷಧಿಯ ಬದಲು ಸಿಡಿಎನ್‌ಬಿ ಎಂಬ ರಾಸಾಯನಿಕ ಹಾಕುತ್ತೇವೆ. ಗ್ಲುಟಾಥಯೋನ್ ಅಂಟಿದ ಸಿಡಿಎನ್‌ಬಿ 340 ನ್ಯಾನೋಮೀಟರಿನ ಬೆಳಕನ್ನು ಹೀರುತ್ತದೆ; ಪರದೆಯ ಅಂಕಿ ಆ ಹೀರಿಕೆಯದೇ. (ಚರ್ಮಕ್ಕೆ ತಗುಲಿದರೆ ಅಲರ್ಜಿ ಹತ್ತಿಸುವ ವಸ್ತುವದು, ನನ್ನ ಮಣಿಕಟ್ಟು ಸಾಕ್ಷಿ.)

ಆದರೆ ಕಿಣ್ವವಿಲ್ಲದಿದ್ದರೂ ಗ್ಲುಟಾಥಯೋನ್, ಸಿಡಿಎನ್‌ಬಿ ಎರಡೂ ತಮ್ಮಷ್ಟಕ್ಕೆ ನಿಧಾನವಾಗಿ ಕೂಡುತ್ತವೆ. ಆ ಏರಿಕೆಯನ್ನು ಕಳೆಯಬೇಕು. ಮೂಲ ಕೋಶಗಳ ಲೆಕ್ಕದಲ್ಲಿ ಕಳೆದಿದ್ದೆ, ಮೊಂಡು ಕೋಶಗಳ ಲೆಕ್ಕದಲ್ಲಿ ಮರೆತಿದ್ದೆ. ಸರಿಪಡಿಸಿದ ಮೇಲೆ ವ್ಯತ್ಯಾಸ ಉಳಿಯಿತು, ಹಿಗ್ಗುವಷ್ಟಲ್ಲ.

ಉಪನ್ಯಾಸಗಳಲ್ಲಿ ಇಂಥ ಕಿಣ್ವಗಳನ್ನು ಖಳರಂತೆ ತೋರಿಸಿದಾಗ ನನಗೆ ಕಿರಿಕಿರಿ. ಇನ್ನೊಂದು ಕ್ಯಾನ್ಸರ್ ಔಷಧಿ ಸೈಕ್ಲೋಫಾಸ್ಫಮೈಡನ್ನೇ ನೋಡಿ. ಯಕೃತ್ತು ಅದನ್ನು ಚುರುಕುಗೊಳಿಸುತ್ತದೆ. ಆಗ ಹುಟ್ಟುವ ಆಲ್ಡೋಫಾಸ್ಫಮೈಡನ್ನು ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಕಿಣ್ವ ನಿರುಪದ್ರವಿ ಆಮ್ಲವಾಗಿಸುತ್ತದೆ. ಈ ಕಿಣ್ವ ಹೆಚ್ಚಿರುವ ಗಡ್ಡೆಗೆ ಔಷಧಿ ನಾಟುವುದಿಲ್ಲ, ನಿಜ. ಆದರೆ ಅಸ್ಥಿಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಕಾಂಡಕೋಶಗಳಲ್ಲಿಯೂ ಅದು ಧಾರಾಳವಾಗಿದೆ. ಭಾರೀ ಪ್ರಮಾಣದ ಸೈಕ್ಲೋಫಾಸ್ಫಮೈಡ್ ಕೊಟ್ಟ ಮೇಲೂ ರೋಗಿಯ ರಕ್ತ ಮತ್ತೆ ಚಿಗುರುವುದು ಆ ಕೃಪೆಯಿಂದ. ಕಿಣ್ವವನ್ನು ಎಲ್ಲೆಡೆ ಕಟ್ಟಿಹಾಕಿದರೆ ಗಡ್ಡೆಯ ಜೊತೆಗೆ ಮಜ್ಜೆಯೂ ಹೋಯಿತು.

ಕಟ್ಟಿಹಾಕುವ ಬದಲು ಕಿಣ್ವದ ಕೈಯಿಂದಲೇ ವಿಷ ಬಿಚ್ಚಿಸುವ ಉಪಾಯವೂ ನಡೆದಿತ್ತು. ಕ್ಯಾನ್‌ಫಾಸ್ಫಮೈಡ್ ಎಂಬ ಔಷಧಿ ಹಾಗೆ ರೂಪಿಸಿದ್ದು: ಗ್ಲುಟಾಥಯೋನ್ ಟ್ರಾನ್ಸ್‌ಫರೇಸಿನದೇ ಒಂದು ಬಗೆಯಾದ ಜಿಎಸ್‌ಟಿಪಿ1 ಅದನ್ನು ಸೀಳಿದಾಗಷ್ಟೇ ಕೊಲ್ಲುವ ಭಾಗ ಹೊರಬರುತ್ತದೆ. ಕೇಳಿದಾಗ ಕುಣಿದಾಡುವಂತಾಗಿತ್ತು. ಆದರೆ ಅಂಡಾಶಯದ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಮೂರನೇ ಹಂತದ ಪ್ರಯೋಗದಲ್ಲಿ ಅದು ಹಳೆಯ ಔಷಧಿಗಳನ್ನು ಮೀರಿಸಲಿಲ್ಲ.

ನನ್ನ ಕೋಶಗಳಲ್ಲಿ ಪಂಪು ಎಷ್ಟಿದೆಯೋ ಇನ್ನೂ ಅಳೆದಿಲ್ಲ. ಅದಕ್ಕೆ ಮೊದಲು ಇಡೀ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುತ್ತಿದ್ದೇನೆ. ಈ ಸಲ ಕಿಣ್ವವಿಲ್ಲದ ಕೊಳವೆಗಳು ಮೂರು, ಕೈಗವಸುಗಳು ಉದ್ದನೆಯವು.