1932ರ ಫೋರ್ಡ್ ಹಾಟ್ ರಾಡ್, 1/25 ಅಳತೆ: ಚಾವಣಿ ಇಳಿಯಿತು, ಬಣ್ಣ ಎರಡನೇ ಸಲ

ಮೊದಲ ವಾರ

ಪೆಟ್ಟಿಗೆ ತೆರೆದ ಕೂಡಲೇ ಅಂಟಿನ ಬಾಟಲಿಗೆ ಕೈ ಹಾಕಬಾರದು ಅಂತ ಈ ಸಲ ಮೊದಲೇ ತೀರ್ಮಾನಿಸಿದ್ದೆ. ಬಿಡಿಭಾಗ ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಮಾಡೆಲ್ ಕಿಟ್ ಇದು: 1932ರ ಫೋರ್ಡ್, ಮೂರು ಕಿಟಕಿಯ ಕೂಪೆ (ಎರಡು ಬಾಗಿಲಿನ ಕಾರು). 1/25 ಅಳತೆಯಲ್ಲಿ ಒಂದು ಅನುಕೂಲ ಇದೆ. ನಿಜವಾದ ಕಾರಿನ ಒಂದು ಇಂಚು ಇಲ್ಲಿ ಹೆಚ್ಚುಕಮ್ಮಿ ಒಂದು ಮಿಲಿಮೀಟರ್. ಈ ಲೆಕ್ಕ ತಲೆಯಲ್ಲಿ ಕೂತರೆ ಕ್ಯಾಲ್ಕ್ಯುಲೇಟರ್ ಬೇಕಾಗುವುದೇ ಇಲ್ಲ. ನಿಜವಾದ ಕಾರಿನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 106 ಇಂಚು, ಹಾಗಾಗಿ ಮಾಡೆಲ್‌ನಲ್ಲಿ 107.7 ಮಿ.ಮೀ. ಬರಬೇಕು. ಚಾಸಿ ಮೇಲೆ ಅಳೆದು ನೋಡಿದೆ, ಕೂದಲೆಳೆಯಷ್ಟು ಮಾತ್ರ ವ್ಯತ್ಯಾಸ. ಸಮಾಧಾನ ಆಯಿತು.

ಭಾಗಗಳನ್ನೆಲ್ಲ ಸೋಪು ನೀರಿನಲ್ಲಿ ತೊಳೆದು ಒಣಗಿಸಿದೆ. ಅಚ್ಚಿನಿಂದ ಬಂದ ಎಣ್ಣೆ ಅಂಟಿಕೊಂಡಿದ್ದರೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಮಾಸ್ಕಿಂಗ್ ಟೇಪ್‌ನಲ್ಲೇ ಇಡೀ ಕಾರನ್ನು ಜೋಡಿಸಿ ಮೇಜಿನ ಮೇಲೆ ಎರಡು ದಿನ ಹಾಗೇ ಬಿಟ್ಟೆ. ಬಂದು ಹೋಗುವಾಗೆಲ್ಲ ನೋಡುತ್ತಿದ್ದೆ.

ಈ ಕಾರೇ ಯಾಕೆ? ಹಾಟ್ ರಾಡ್, ಅಂದರೆ ವೇಗಕ್ಕಾಗಿ ಮಾರ್ಪಡಿಸಿದ ಹಳೆ ಕಾರು, ಕಟ್ಟುವವರು ಇದನ್ನು ಪ್ರೀತಿಯಿಂದ 'ಡ್ಯೂಸ್' ಅನ್ನುತ್ತಾರೆ, 32ರ ಕೊನೆಯ ಎರಡಕ್ಕೆ ಆ ಹೆಸರು. ಸಾಮಾನ್ಯರ ಕೈಗೆಟುಕುವ ಕಾರಿಗೆ ಫೋರ್ಡ್ ವಿ8 (ನಾಲ್ಕು ನಾಲ್ಕರಂತೆ V ಆಕಾರದಲ್ಲಿ ಎಂಟು ಸಿಲಿಂಡರ್) ಎಂಜಿನ್ ಕೊಟ್ಟದ್ದು ಆ ವರ್ಷ. 221 ಘನ ಇಂಚು, 65 ಅಶ್ವಶಕ್ತಿ. ಮುಂದೆ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡ್‌ಗಳನ್ನು ತಂದು, ಮಡ್‌ಗಾರ್ಡ್ ಕಿತ್ತು, ಚಾವಣಿ ತಗ್ಗಿಸಿ, ಮ್ಯೂರಾಕ್ ಮತ್ತು ಎಲ್ ಮಿರಾಜ್‌ನ ಒಣಗಿದ ಕೆರೆ ಅಂಗಳದಲ್ಲಿ ಓಡಿಸಿದರು. ಅವರು ಕಿತ್ತದ್ದಕ್ಕೂ ಕತ್ತರಿಸಿದ್ದಕ್ಕೂ ಕಾರಣ ಇತ್ತು. ಮಡ್‌ಗಾರ್ಡ್ ಹೋದರೆ ತೂಕ ಕಡಿಮೆ, ಚಾವಣಿ ತಗ್ಗಿದರೆ ಗಾಳಿಯ ತಡೆ ಕಡಿಮೆ. ನನ್ನ ಕಾರು 1948ರ ಸುಮಾರಿಗೆ ಯಾರೋ ತಮ್ಮ ಗ್ಯಾರೇಜಿನಲ್ಲಿ ಕಟ್ಟಿದ್ದು ಅನ್ನಿಸಬೇಕು. ಆಗ ಸಿಗದ ಯಾವ ಭಾಗವನ್ನೂ ಇದಕ್ಕೆ ಹಾಕುವುದಿಲ್ಲ.

ಎರಡನೇ ವಾರ: ನಿಲುವು

ಹಾಟ್ ರಾಡ್‌ನಲ್ಲಿ ಬಣ್ಣಕ್ಕಿಂತ, ಕ್ರೋಮ್‌ಗಿಂತ ಮೊದಲು ಕಣ್ಣಿಗೆ ಬೀಳುವುದು ಕಾರು ನೆಲದ ಮೇಲೆ ಹೇಗೆ ಕೂತಿದೆ ಅನ್ನೋದು. ಮೂತಿ ಸ್ವಲ್ಪ ಕೆಳಗೆ, ಹಿಂಭಾಗ ಸ್ವಲ್ಪ ಮೇಲೆ. ಇದು ತಪ್ಪಿದರೆ ಉಳಿದ ಕೆಲಸ ಎಷ್ಟೇ ಚೆನ್ನಾಗಿದ್ದರೂ ಕಾರು ಸಪ್ಪೆ. ಅದಕ್ಕೇ ನಾನು ಚಕ್ರದಿಂದ ಶುರು ಮಾಡಿದೆ, ಎಂಜಿನ್ ಆಮೇಲೆ.

ಕಿಟ್‌ನಲ್ಲಿ ನಾಲ್ಕೂ ಟೈರ್ ಒಂದೇ ಗಾತ್ರ. ಹಳೆಯ ಕಿಟ್‌ಗಳ ಡಬ್ಬಿಯಲ್ಲಿ ಹುಡುಕಿ ಹಿಂದಕ್ಕೆ ಸುಮಾರು 30 ಮಿ.ಮೀ., ಮುಂದಕ್ಕೆ ಸುಮಾರು 26 ಮಿ.ಮೀ. ವ್ಯಾಸದ ಟೈರ್ ಆರಿಸಿದೆ. ಇದು ಬರೀ ಚಂದಕ್ಕಲ್ಲ. ಹಿಂದೆ ದೊಡ್ಡ ಟೈರ್ ಹಾಕಿದರೆ ಎಂಜಿನ್ ಅಷ್ಟೇ ಸುತ್ತು ತಿರುಗಿದರೂ ಕಾರು ಜಾಸ್ತಿ ದೂರ ಹೋಗುತ್ತದೆ. ಉದ್ದದ ಕೆರೆ ಅಂಗಳದಲ್ಲಿ ಅದೇ ಬೇಕಾದದ್ದು.

ಮುಂದಿನ ಆಕ್ಸಲ್ ಮಾತ್ರ ಮೂರು ಸಲ ಮಾಡಿದೆ. ನಿಜವಾದ ಕಾರುಗಳಲ್ಲಿ ಆಕ್ಸಲ್‌ನ ಎರಡು ತುದಿಯನ್ನು ಕಾಯಿಸಿ ಬಗ್ಗಿಸುತ್ತಿದ್ದರು. ತುದಿಗಳು ಮೇಲೆದ್ದರೆ ನಡುವಿನ ಭಾಗ, ಅದರ ಜೊತೆ ಇಡೀ ಮೂತಿ, ಕೆಳಗಿಳಿಯುತ್ತದೆ. ಇಲ್ಲಿ ಪ್ಲಾಸ್ಟಿಕ್ ಬಗ್ಗಿಸಿದರೆ ಮುರಿಯುತ್ತದೆ. ತುದಿಗಳನ್ನು ಕತ್ತರಿಸಿ 2 ಮಿ.ಮೀ. ಮೇಲೆ ಅಂಟಿಸಿದೆ, ಒಳಗೆ 0.5 ಮಿ.ಮೀ. ಹಿತ್ತಾಳೆ ತಂತಿ ತೂರಿಸಿದ್ದರಿಂದ ಈಗ ಗಟ್ಟಿ. ಮೊದಲ ಸಲ ಒಂದು ಚಕ್ರ ನೆಲ ಮುಟ್ಟಲಿಲ್ಲ. ಎರಡನೇ ಸಲ ಚಕ್ರಗಳು ಒಳಕ್ಕೆ ವಾಲಿದವು. ಮೂರನೇ ಸಲ ಗಾಜಿನ ಹಲಗೆ ಮೇಲೆ ಇಟ್ಟು, ಚಕ್ರದ ಪಕ್ಕ ಪುಟ್ಟ ಮೂಲೆಮಟ್ಟ ನಿಲ್ಲಿಸಿಕೊಂಡು ಅಂಟಿಸಿದೆ. ನಾಲ್ಕೂ ಕೂತವು. ನೆಲದ ಮಟ್ಟಕ್ಕೆ ಬಗ್ಗಿ ಪಕ್ಕದಿಂದ ನೋಡಿದಾಗ ಮೊದಲ ಬಾರಿಗೆ ಇದು ಹಾಟ್ ರಾಡ್ ಥರ ಕಂಡಿತು.

ಮೂರನೇ, ನಾಲ್ಕನೇ ವಾರ: ಚಾವಣಿ

ಕಂಬಗಳನ್ನು ಕತ್ತರಿಸಿ ಚಾವಣಿ ತಗ್ಗಿಸುವುದಕ್ಕೆ ಚಾಪ್ ಅನ್ನುತ್ತಾರೆ. ಮೂರು ಇಂಚು ಚಾಪ್ ಅಂದರೆ ಇಲ್ಲಿ 3 ಮಿ.ಮೀ. ಕೇಳೋಕೆ ಎಷ್ಟು ಸಣ್ಣದು ಅಲ್ವಾ? ಒಂದು ಸಂಜೆ ಪೂರ್ತಿ ಬರೀ ಟೇಪ್ ಅಂಟಿಸೋದರಲ್ಲೇ ಹೋಯಿತು.

ಚಾವಣಿ ಹೊತ್ತ ಕಂಬಗಳ ಮೇಲೆ 3 ಮಿ.ಮೀ. ಅಗಲದ ಟೇಪ್ ಸುತ್ತಿದೆ. ಅದರ ಮೇಲಂಚು, ಕೆಳಂಚು ಎರಡೂ ಕತ್ತರಿಸುವ ಗೆರೆ. ಸುತ್ತಿದ ಟೇಪ್ ಎರಡು ಕಡೆಯೂ ಒಂದೇ ಎತ್ತರದಲ್ಲಿ ಇದೆಯಾ ಅಂತ ಕಾರನ್ನು ತಲೆಕೆಳಗೆ ಮಾಡಿಯೂ ನೋಡಿದೆ. ಗರಗಸ ತೀರಾ ತೆಳು ಇರಬೇಕು, ಅಲಗಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಗೆರೆಯ ಒಳಗೆ ಕತ್ತರಿಸಿ, ಉಳಿದದ್ದನ್ನು ಅರದಿಂದ ಉಜ್ಜಿ ಗೆರೆಗೆ ತಂದೆ. ಗಾಜಿನ ಪಕ್ಕದ ಕಂಬ ಹಲ್ಲುಕಡ್ಡಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಗರಗಸ ಎಳೆಯುವಾಗ ಅದು ನಡುಗುವುದು ಬೆರಳಿಗೆ ಗೊತ್ತಾಗುತ್ತದೆ. ಒತ್ತದೆ, ಅಲಗಿನ ತೂಕಕ್ಕೇ ಬಿಟ್ಟು ಎಳೆದೆ.

ಕಷ್ಟ ಬಂದದ್ದು ಮತ್ತೆ ಜೋಡಿಸುವಾಗ. ಮುಂದಿನ ಕಂಬ ಮೇಲೆ ಹೋಗುತ್ತಾ ಹಿಂದಕ್ಕೆ ವಾಲುತ್ತದೆ, ಹಿಂಭಾಗ ಮುಂದಕ್ಕೆ ವಾಲುತ್ತದೆ. ನಡುವೆ ಒಂದು ಪಟ್ಟಿ ತೆಗೆದು ಚಾವಣಿ ಇಳಿಸಿದರೆ ಅದು ಕೆಳಗಿನ ಭಾಗಕ್ಕೆ ಗಿಡ್ಡ. ಹಿಂದೆ ಸರಿಯಾಗಿ ಕೂರಿಸಿದರೆ ಮುಂದಿನ ಕಂಬಗಳು ಒಂದು ಮಿ.ಮೀ.ಗೂ ಜಾಸ್ತಿ ತಪ್ಪಿ ನಿಂತವು. ದಾರಿ ಎರಡು: ಚಾವಣಿಯನ್ನು ಅಡ್ಡಕ್ಕೆ ಸೀಳಿ ನಡುವೆ ಪಟ್ಟಿ ಸೇರಿಸಬೇಕು, ಇಲ್ಲವಾದರೆ ಮುಂದಿನ ಕಂಬಗಳನ್ನೇ ಹಿಂದಕ್ಕೆ ವಾಲಿಸಬೇಕು. ನಾನು ಎರಡನೆಯದನ್ನು ಆರಿಸಿದೆ. 1932ರ ಕಾರಿನ ಗಾಜು ಹೆಚ್ಚುಕಮ್ಮಿ ನೆಟ್ಟಗೇ ನಿಂತಿರುತ್ತದೆ, ಇನ್ನೂ ಸ್ವಲ್ಪ ವಾಲಿದರೆ ಅದಕ್ಕೆ ಒಪ್ಪುತ್ತದೆ. ಕಂಬದ ಬುಡದಲ್ಲಿ ಒಳಗಿನಿಂದ ಸಣ್ಣ ಗೀರು ಹಾಕಿ ನಿಧಾನವಾಗಿ ಹಿಂದಕ್ಕೆ ತಂದು, ಗೀರಿಗೆ ಅಂಟು ಬಿಟ್ಟೆ. ಪ್ರತಿ ಜೋಡಣೆಗೂ ಒಳಗಡೆ ಪ್ಲಾಸ್ಟಿಕ್ ಪಟ್ಟಿಯ ಆಸರೆ ಕೊಟ್ಟೆ. ಬರೀ ಪುಟ್ಟಿ ನಂಬಿ ಚಾವಣಿ ನಿಲ್ಲಿಸಬಾರದು.

ಚಾವಣಿಯ ನಡುವಿನ ಚೌಕವನ್ನು ಹಾಗೇ ಉಳಿಸಿದೆ. ಆ ಕಾಲದ ಫೋರ್ಡ್‌ಗಳಲ್ಲಿ ಅಲ್ಲಿ ಉಕ್ಕಿನ ಹಾಳೆ ಇರಲಿಲ್ಲ, ಬಟ್ಟೆಯ ಹೊದಿಕೆ ಇತ್ತು. ಪೂರ್ತಿ ಉಕ್ಕಿನ ಚಾವಣಿ ಫೋರ್ಡ್‌ಗೆ ಬಂದದ್ದು 1937ರಲ್ಲಿ. ಎಷ್ಟೋ ಜನ ಇದನ್ನು ಪುಟ್ಟಿ ಹಾಕಿ ನುಣ್ಣಗೆ ಮಾಡುತ್ತಾರೆ. ನನಗೆ ಅದರ ಮೇಲಿನ ಕಪ್ಪು, ಮಂಕು ಮೇಲ್ಮೈಯೇ ಇಷ್ಟ.

ಐದನೇ ವಾರ

ಬಣ್ಣ ಕೆಟ್ಟಿತು. ತಪ್ಪು ನನ್ನದೇ. ಪುಟ್ಟಿ ಉಜ್ಜಿದ ಜಾಗಕ್ಕೆ ಎನಾಮಲ್ (ನಿಧಾನವಾಗಿ ಒಣಗುವ ಬಣ್ಣ) ಪ್ರೈಮರ್ ಹಾಕಿದ್ದೆ. ಮುಟ್ಟಿದರೆ ಒಣಗಿದಂತೆ ಇತ್ತು. ಮರುದಿನವೇ ಮೇಲೆ ಲ್ಯಾಕರ್ (ಕಟು ತಿನ್ನರ್ ಇರುವ, ಬೇಗ ಒಣಗುವ ಬಣ್ಣ) ಕೆಂಪು ಹೊಡೆದೆ. ಹತ್ತು ನಿಮಿಷದೊಳಗೆ ಎಡ ಬಾಗಿಲ ಮೇಲೆ ಸುಕ್ಕು ಎದ್ದಿತು, ತುಂಬಾ ಹೊತ್ತು ನೀರಲ್ಲಿ ಅದ್ದಿಟ್ಟ ಬೆರಳ ತುದಿಯ ಹಾಗೆ. ಎನಾಮಲ್ ಮೇಲ್ಗಡೆ ಒಣಗಿದರೂ ಒಳಗೆ ಹಸಿ ಇರುತ್ತದೆ. ಲ್ಯಾಕರ್‌ನ ತಿನ್ನರ್ ಇಳಿದು ಅದನ್ನು ಎಬ್ಬಿಸುತ್ತದೆ. ಲ್ಯಾಕರ್ ಮೇಲೆ ಎನಾಮಲ್ ಆಗುತ್ತದೆ, ಹಸಿ ಎನಾಮಲ್ ಮೇಲೆ ಲ್ಯಾಕರ್ ಆಗುವುದಿಲ್ಲ.

ಬಾಡಿಯನ್ನು ರಾತ್ರಿಯಿಡೀ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮುಳುಗಿಸಿಟ್ಟು ಹಳೆ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿದೆ. ಪುಟ್ಟಿ ಅಲ್ಲಲ್ಲಿ ಎದ್ದು ಬಂತು. ಚಾವಣಿ ಮಾತ್ರ ಅಲುಗಾಡಲಿಲ್ಲ, ಒಳಗಿನ ಪಟ್ಟಿಗಳು ಹಿಡಿದುಕೊಂಡವು.

ಎಂಟನೇ ವಾರ: ಎಂಜಿನ್, ಮತ್ತೆ ಬಣ್ಣ

ಈ ಸಲ ಪ್ರೈಮರ್, ಬಣ್ಣ, ಮೇಲಿನ ಕ್ಲಿಯರ್ (ಬಣ್ಣವಿಲ್ಲದ ಹೊಳಪಿನ ಪದರ) ಮೂರೂ ಲ್ಯಾಕರ್. ಕಡು ಕೆಂಪು, ನಾಲ್ಕು ತೆಳು ಕೋಟ್. ಈಗ ಮುಚ್ಚಿಟ್ಟಿದ್ದೇನೆ, ವಾಸನೆ ಪೂರ್ತಿ ಹೋಗುವವರೆಗೆ ಪಾಲಿಶ್ ಇಲ್ಲ.

ಆ ಬಿಡುವಿನಲ್ಲಿ ಫ್ಲ್ಯಾಟ್‌ಹೆಡ್ (ವಾಲ್ವ್‌ಗಳು ಮೇಲಿನ ಹೆಡ್‌ನಲ್ಲಿರದೆ ಕೆಳಗಿನ ಬ್ಲಾಕ್‌ನಲ್ಲಿರುವ) ವಿ8 ಕಟ್ಟಿದೆ. ಈ ಎಂಜಿನ್‌ನ ಒಂದು ವಿಷಯ ಮಾಡೆಲ್ ಮಾಡುವವರು ತಿಳಿದಿರಲೇಬೇಕು. ಒಂದೊಂದು ಬದಿಗೆ ನಾಲ್ಕು ಸಿಲಿಂಡರ್ ಇದ್ದರೂ ಹೊಗೆ ಹೊರಬರುವ ತೂತು ಮೂರೇ. ನಡುವಿನ ಎರಡು ಸಿಲಿಂಡರ್‌ಗೆ ಒಂದೇ ದಾರಿ. ವಾಲ್ವ್‌ಗಳು ಬ್ಲಾಕ್‌ನಲ್ಲೇ ಇರುವುದರಿಂದ ಆ ಬಿಸಿ ಹೊಗೆ ಬ್ಲಾಕ್ ಒಳಗಿನಿಂದಲೇ ಹಾದು ಬರಬೇಕು. ಈ ಎಂಜಿನ್ ಬೇಗ ಕಾಯುವುದಕ್ಕೆ ಅದೂ ಒಂದು ಕಾರಣ. ಹಾಗಾಗಿ ಸೈಲೆನ್ಸರ್ ಕಡೆಗಿನ ಪೈಪ್ ಒಂದೊಂದು ಬದಿಗೆ ಮೂರು ಮಾತ್ರ ಮಾಡಿದೆ.

ಮೇಲೆ ಎರಡು ಸ್ಟ್ರಾಂಬರ್ಗ್ 97 ಕಾರ್ಬ್ಯುರೇಟರ್. ಪ್ಲಗ್ ವೈರ್ ನಿಜದಲ್ಲಿ 7 ಮಿ.ಮೀ. ದಪ್ಪ, ಹಾಗಾಗಿ ಇಲ್ಲಿ 0.28 ಬರಬೇಕು. ಕರೆಂಟ್ ವೈರ್ ಸುಲಿದು ಒಳಗಿನ ತಾಮ್ರದ ಎಳೆಗಳನ್ನು ಅಳೆದೆ, ಒಂದು ಜಾತಿಯದು 0.3 ಇತ್ತು. ಕಪ್ಪು ಬಣ್ಣ ಹಚ್ಚಿ, ಪಿನ್ ವೈಸ್‌ (ಬೆರಳಲ್ಲಿ ತಿರುಗಿಸುವ ಪುಟ್ಟ ಡ್ರಿಲ್) ನಿಂದ ಹೆಡ್ ಮೇಲೆ ಎಂಟು ತೂತು ಕೊರೆದು ಕೂರಿಸಿದೆ. ಡಿಸ್ಟ್ರಿಬ್ಯೂಟರ್ ಎಂಜಿನ್‌ನ ಮುಂಭಾಗದಲ್ಲಿದೆ, ಗ್ರಿಲ್ ಹಿಂದೆ ಮರೆಯಾಗುತ್ತದೆ. ಆದರೂ ವೈರ್‌ಗಳನ್ನು ಸಿಲಿಂಡರ್‌ಗಳಲ್ಲಿ ಕಿಡಿ ಹತ್ತುವ 1-5-4-8-6-3-7-2 ಕ್ರಮದಲ್ಲೇ ಹಾಕಿದೆ.

ಕಿಟ್‌ನ ಕ್ರೋಮ್ ಗ್ರಿಲ್ ಚೌಕಟ್ಟಿನ ಮೇಲೆ ಅಚ್ಚಿನ ಗೆರೆ ಎದ್ದು ಕಾಣುತ್ತಿತ್ತು. ಬ್ಲೀಚ್‌ನಲ್ಲಿ ಅದ್ದಿ ಕ್ರೋಮ್ ತೆಗೆದೆ, ಗೆರೆ ಉಜ್ಜಿದೆ. ಅದಕ್ಕೂ ಕೆಂಪೇ ಹೊಡೆದಿದ್ದೇನೆ, ಬಾಡಿಯ ಜೊತೆಗೇ ಒಣಗುತ್ತಿದೆ.

ಉಳಿದದ್ದು ಗಾಜು. ಚಾವಣಿ ಇಳಿದ ಮೇಲೆ ಕಿಟ್‌ನ ಗಾಜು ಯಾವುದೂ ಹೊಂದುವುದಿಲ್ಲ. ಮುಂದಿನದಕ್ಕೆ ಕಾಗದದ ಅಚ್ಚು ಕತ್ತರಿಸಿ ನೋಡಿದೆ, ಎಡ ಮೂಲೆ ಅರ್ಧ ಮಿ.ಮೀ. ಜಾಸ್ತಿ ಇದೆ. ನಾಳೆ ಅದನ್ನು ಸರಿಮಾಡಿ ಪಾರದರ್ಶಕ ಹಾಳೆಗೆ ಇಳಿಸಬೇಕು.